ಸಿಪ್ಪೆಯೊಳಗಿನ ‘ವಿಟಮಿನ್ ಪಿ’

ಉಡುಪಿ ಕಡೆ ಊಟದೆಲೆಗೆ ಮೊದಲು ಬೀಳೋದೇ ಉಪ್ಪು, ಉಪ್ಪಿನಕಾಯಿ. ಲಿಂಬೆಯದ್ದಾದರೆ ಸಿಪ್ಪೆ ಸಮೇತ ತಿಂತೇವೆ. ಆ ಸಿಪ್ಪೆಯ ಇತಿಹಾಸ ನನಗೆ ತುಂಬಾ ಇಷ್ಟ.

1828ರಲ್ಲಿ ಫ್ರಾನ್ಸಿನ ಲೆಬ್ರೆಟನ್ ಕಿತ್ತಳೆ ಸಿಪ್ಪೆಯ ಬಿಳಿ ಪದರದಿಂದ ಹೆಸ್ಪೆರಿಡಿನ್ ಬೇರ್ಪಡಿಸಿದ. 1936ರಲ್ಲಿ ಹಂಗೆರಿಯ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಮತ್ತು ಸಂಗಡಿಗರು, ಲಿಂಬೆಯ ಇಂಥ ಫ್ಲೇವನಾಯ್ಡ್‌ಗಳು ಸಣ್ಣ ರಕ್ತನಾಳಗಳ ಸೋರಿಕೆ ತಡೆಯುತ್ತವೆ ಎಂದು ‘ವಿಟಮಿನ್ ಪಿ’ ಅಂತ ಹೆಸರಿಟ್ಟರು. ಆದರೆ ಅದು ಸಿಗದಿದ್ದರೆ ಇಂಥದ್ದೇ ಕಾಯಿಲೆ ಬರುತ್ತದೆ ಅಂತ ತೋರಿಸಲಾಗಲಿಲ್ಲ. 1953ರಲ್ಲಿ ಮಣಿಪಾಲದಲ್ಲಿ ಕೆಎಂಸಿ ಶುರುವಾಗುವ ಹೊತ್ತಿಗೆ ವಿಟಮಿನ್ ಪಟ್ಟ ಹೋಗಿಯೇ ಬಿಟ್ಟಿತ್ತು.

ಹಣ್ಣಿನಲ್ಲಿ ಎಷ್ಟಿದೆ ಅನ್ನೋದಕ್ಕಿಂತ ಕರುಳು ಎಷ್ಟನ್ನು ಒಳಗೆ ಬಿಡುತ್ತದೆ ಅನ್ನೋದು ಮುಖ್ಯ ಅಂತ ಗೊತ್ತಾದ್ದು ಆಮೇಲೆ. ಹೆಸ್ಪೆರಿಡಿನ್‌ಗೆ ಎರಡು ಸಕ್ಕರೆಗಳ ಜೋಡಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವ ಕಿಣ್ವ ನಮ್ಮ ಸಣ್ಣ ಕರುಳಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಆ ಸಕ್ಕರೆ ಕತ್ತರಿಸಿದ ಮೇಲೇ ಉಳಿದ ಹೆಸ್ಪೆರಿಟಿನ್ ಒಳಹೋಗೋದು. ಹೀಗಾಗಿ ರಕ್ತದಲ್ಲಿ ಅದರ ಮಟ್ಟ ಏರೋಕೆ ಐದಾರು ಗಂಟೆ ಬೇಕು. ಅಷ್ಟರಲ್ಲಿ ಕರುಳಿನ ಗೋಡೆ, ಯಕೃತ್ತು ಸೇರಿ ಅದರ ರೂಪವನ್ನೇ ಬದಲಿಸಿರುತ್ತವೆ.

ಈ ಬ್ಯಾಕ್ಟೀರಿಯಾ ಎಲ್ಲರಲ್ಲೂ ಒಂದೇ ತರ ಇರಲ್ಲ. ಒಂದೇ ಹಣ್ಣು ಹಂಚಿ ತಿಂದ ಇಬ್ಬರಿಗೂ ಸಿಗೋದು ಅಷ್ಟೇ ಅಲ್ಲ. ಫ್ಲೇವನಾಯ್ಡ್ ಮಾತ್ರೆಯ ಡಬ್ಬಿ ಮೇಲಿನ ಮಿಲಿಗ್ರಾಂ, ಬಾಯಿಗೆ ಹೋದದ್ದರ ಲೆಕ್ಕ, ರಕ್ತಕ್ಕೆ ಸೇರಿದ್ದರದ್ದಲ್ಲ.