ಕಡತ ಬರೆದ ಕೈಗಳು

ಕಡತವೆಂಬ ಮಾತನ್ನು ನಾವು ಈಗ ಕಚೇರಿಯ ಕಾಗದದ ಕಟ್ಟಿಗೆ ಬಳಸುತ್ತೇವೆ. ಪೂರ್ವದಲ್ಲಿ ಕಡತವೆಂದರೆ ಬಟ್ಟೆ. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ತಪ್ಪಿದರೆ ಒರಸಿ ಮತ್ತೆ ಬರೆಯಬಹುದು. ಒರಸದೆ ಜೋಪಾನವಾಗಿಟ್ಟರೆ ತಲೆಮಾರುಗಳ ಕಾಲ ಉಳಿಯುವುದು. ಮೈಸೂರಿನ ಇತಿಹಾಸ ಬರೆದ ಕರ್ನಲ್ ವಿಲ್ಕ್ಸ್ ಇಂಥ ಕಡತಗಳನ್ನು ಕಂಡು, ಅವುಗಳನ್ನು ತಯಾರಿಸುವ ಕ್ರಮವನ್ನು 1810ರಲ್ಲಿ ಹೊರಬಂದ ತಮ್ಮ ಗ್ರಂಥದ ಮೊದಲ ಸಂಪುಟದಲ್ಲಿಯೇ ವಿವರಿಸಿದ್ದಾರೆ. ಕಡತದ ವಿಷಯವನ್ನು ಹೀಗೆ ಅಚ್ಚುಕಟ್ಟಾಗಿ ಬರೆದಿಟ್ಟ ವಿಲ್ಕ್ಸರ ಹೆಸರು ಉಳಿಯಿತು. ಕಡತವನ್ನು ಬರೆದವರ ಹೆಸರುಗಳು ಮಾತ್ರ ಬಹುಮಟ್ಟಿಗೆ ಅಳಿದುಹೋದುವು. ಆ ಬರೆದವರ ವಿಚಾರವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಅವರು ಯಾರೆಂಬುದನ್ನು ಗಡಿನಾಡಿನ ವಾಚಕರಿಗೆ ವಿವರಿಸಬೇಕಾಗಿಲ್ಲ. ರಾಯದುರ್ಗ, ಮಡಕಶಿರ, ಆದವಾನಿಗಳ ಕಡೆ ಅವರು ಕರಣಂ; ಮೈಸೂರು ಸೀಮೆಯಲ್ಲಿ ಶಾನುಭೋಗರು; ಅಕ್ಕಲಕೋಟೆ, ಜತ್ತಗಳತ್ತ ಹೋದರೆ ಕುಲಕರ್ಣಿ; ಕಾಸರಗೋಡಿನ ಕಡೆ ಶಾನುಭಾಗರು. ಹೆಸರು ಬೇರೆಯಾದರೂ ಕೆಲಸ ಒಂದೇ. ಯಾವ ಹೊಲ ಯಾರದು, ಯಾವ ಕೆರೆಗೆ ಎಷ್ಟು ಅಚ್ಚುಕಟ್ಟು, ಯಾವ ಗುಡಿಗೆ ಯಾವ ಇನಾಮು, ಈ ಸಾಲಿನಲ್ಲಿ ವಸೂಲಾದುದೆಷ್ಟು, ಬಾಕಿ ನಿಂತುದೆಷ್ಟು ಎಂಬುದೆಲ್ಲ ಅವರ ಕೈಯ ಬರೆಹ. ಆದರೆ ಲೆಕ್ಕ ಬರೆಯುವವನು ಬರಿಯ ಲೆಕ್ಕವನ್ನೇ ಬರೆದು ಸುಮ್ಮನಿರಲಾರ. ಈ ವರ್ಷ ಬಾಕಿ ಏಕೆ ನಿಂತಿತೆಂದು ಮೇಲಿನವರು ಕೇಳಿದರೆ ಕಾರಣ ಹೇಳಬೇಕಷ್ಟೆ. ಹೀಗಾಗಿ ಅಂಕಿಗಳ ಪಕ್ಕದಲ್ಲಿ ಬರಗಾಲ ಬಂದಿತು, ದಂಡು ಬಂದಿತು, ಊರು ಬಿಟ್ಟುಹೋದವರು ಬಂದರು. ಕವಿಲೆಗಳೆಂದು ಕರೆಯಿಸಿಕೊಂಡ ಈ ಹಳ್ಳಿಯ ದಾಖಲೆಗಳಲ್ಲಿ ಇತಿಹಾಸವು ಹುಟ್ಟಿದ್ದು ಕೀರ್ತಿಯ ಆಸೆಯಿಂದಲ್ಲ, ಬಾಕಿಗೆ ಸಮಜಾಯಿಷಿ ಕೊಡಬೇಕಾದ ಕಷ್ಟದಿಂದ.

ನಮ್ಮ ಸೀಮೆಯಲ್ಲಿ ಆ ಕಷ್ಟ ಅತಿಶಯವಾಗಿತ್ತು. ಗುತ್ತಿಯ ಕೋಟೆ 1776ರಲ್ಲಿ ಮುರಾರಿರಾಯನ ಕೈತಪ್ಪಿ ಹೈದರನ ವಶವಾಯಿತು. 1786ರಲ್ಲಿ ಟಿಪ್ಪು ಆದವಾನಿಯನ್ನು ಮುತ್ತಿದನು. 1792ರ ಮತ್ತು 1799ರ ಯುದ್ಧಗಳ ಬಳಿಕ ನಿಜಾಮನಿಗೆ ಸಂದ ನಾಡು 1800ರಲ್ಲಿ ಕುಂಪಣಿಗೆ ಬಿಟ್ಟುಕೊಟ್ಟ ನಾಡಾಯಿತು. ಗುತ್ತಿಯ ಸುತ್ತಿನಲ್ಲಿ 1775ರಲ್ಲಿ ಕೆಲಸಕ್ಕೆ ಕುಳಿತ ಕರಣಮೊಬ್ಬನು ಇಪ್ಪತ್ತೈದು ವರ್ಷಗಳೊಳಗೆ ಐದು ಪ್ರಭುತ್ವಗಳಿಗೆ ಲೆಕ್ಕ ಒಪ್ಪಿಸಿರಬೇಕು. ಪ್ರಭುಗಳು ಮರಾಠಿಯಲ್ಲಿ ಕೇಳಲಿ, ಪಾರಸಿಯಲ್ಲಿ ಕೇಳಲಿ, ಇಂಗ್ಲಿಷಿನಲ್ಲಿ ಕೇಳಲಿ, ಉತ್ತರ ಹೇಳಿದ ಕೈ ಒಂದೇ.

ಈ ಕೈಗಳನ್ನು ಒಟ್ಟಾಗಿ ಹುಡುಕಿಕೊಂಡು ಬಂದವರಲ್ಲಿ ಮೊದಲಿಗರು ಕರ್ನಲ್ ಕಾಲಿನ್ ಮೆಕೆಂಜಿ. ಶ್ರೀರಂಗಪಟ್ಟಣದ ಪತನಾನಂತರ ಮೈಸೂರಿನ ಮೋಜಣಿಗೆ ನೇಮಕಗೊಂಡ ಈ ಸ್ಕಾಟ್ಲೆಂಡಿನ ಅಧಿಕಾರಿ ನೆಲವನ್ನು ಅಳೆಯುತ್ತ ಹೋದಂತೆ ನೆಲದ ಕಥೆಯನ್ನೂ ಕೇಳುತ್ತ ಹೋದರು. ಅವರ ಕಡೆಯ ಪಂಡಿತರು ಊರೂರಿಗೆ ಹೋಗಿ ಕರಣಿಕರಿಂದ ಬರೆಯಿಸಿಕೊಂಡ, ಹಳೆಯ ಕವಿಲೆಗಳಿಂದ ನಕಲು ಮಾಡಿಕೊಂಡ ವೃತ್ತಾಂತಗಳೇ ಕೈಫಿಯತ್ತುಗಳು. ಊರು ಕಟ್ಟಿದವರಾರು, ಪಾಳೆಯಗಾರನ ವಂಶವೆಲ್ಲಿಯದು, ಗುಡಿಯ ಉತ್ಪತ್ತಿ ಹೇಗೆ, ಕೆರೆ ಯಾರ ಕಾಲದ್ದು, ಎಂಬ ವಿವರಗಳು ಅಲ್ಲಿ ಪುರಾಣದೊಡನೆ ಬೆರೆತು ಬರುತ್ತವೆ. ಮೆಕೆಂಜಿ 1821ರಲ್ಲಿ ತೀರಿಕೊಂಡ ಮೇಲೆ ಕುಂಪಣಿಯು ಈ ಸಂಗ್ರಹವನ್ನು ಅವರ ವಿಧವೆಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ವಿಲ್ಸನ್ ಪಂಡಿತರು 1828ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 1568 ಗ್ರಂಥಗಳು, 8076 ಶಾಸನಗಳ ಪ್ರತಿಗಳು, 6218 ನಾಣ್ಯಗಳು ಲೆಕ್ಕಕ್ಕೆ ಬಂದಿವೆ. ನಾಣ್ಯಗಳನ್ನೂ ಎಣಿಸಿದರು, ವೃತ್ತಾಂತ ಬರೆದ ಕರಣಿಕರನ್ನು ಮಾತ್ರ ಎಣಿಸಲಿಲ್ಲ. ಇಡೀ ಭಂಡಾರಕ್ಕೆ ಮೆಕೆಂಜಿಯವರ ಹೆಸರಾಯಿತು. ಅವರ ಶ್ರಮವನ್ನು ನಾವು ಕಡಿಮೆಯೆನ್ನುವವರಲ್ಲ. ಅವರಿಲ್ಲದಿದ್ದರೆ ಈ ಬರೆಹಗಳಲ್ಲಿ ಹೆಚ್ಚಿನವು ಗೆದ್ದಲಿನ ಪಾಲಾಗುತ್ತಿದ್ದುವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಸಂಗ್ರಹಕಾರನೇ ಗ್ರಂಥಕರ್ತನಲ್ಲವಷ್ಟೆ.

ಈ ಕರಣಿಕರಲ್ಲಿ ಒಬ್ಬನು ತನ್ನ ಹೆಸರನ್ನು ತಾನೇ ಉಳಿಸಿಕೊಂಡನು. ತಾಳವಾಡಿಯ ಗಡಿಗೆ ಅಷ್ಟೇನೂ ದೂರವಲ್ಲದ, ಈಗಿನ ಚಾಮರಾಜನಗರ ಜಿಲ್ಲೆಗೆ ಸೇರಿದ ಮಲೆಯೂರಿನ ದೇವಚಂದ್ರನೇ ಅವನು. 1770ರಲ್ಲಿ ಹುಟ್ಟಿದ ಈತನದು ಕರಣಿಕ ವೃತ್ತಿಯ ಜೈನ ಬ್ರಾಹ್ಮಣ ಮನೆತನ, ತಂದೆ ದೇವಪ್ಪ. ಊರ ಪಕ್ಕದ ಕನಕಗಿರಿ ಜೈನರ ಪ್ರಾಚೀನ ಕ್ಷೇತ್ರ. 1804ರಲ್ಲಿ ಮೆಕೆಂಜಿಯವರ ಡೇರೆ ಆ ಸೀಮೆಗೆ ಬಂದಿತು. ಸ್ಥಳದ ಪೂರ್ವವೃತ್ತಾಂತವನ್ನು ಬಲ್ಲವರಾರೆಂದು ವಿಚಾರಿಸಿದಾಗ ದೇವಚಂದ್ರನು ಮುಂದೆ ಬಂದು ಪೂಜ್ಯಪಾದಚರಿತೆಯನ್ನು ಒಪ್ಪಿಸಿದನು. ಅಧಿಕಾರಿಗೆ ಸಂತೋಷವಾಗಿ ಈತನನ್ನು ಕೆಲಕಾಲ ಜೊತೆಯಲ್ಲಿರಿಸಿಕೊಂಡು ಜೈನರ ಕ್ಷೇತ್ರಗಳ, ಆಚಾರಗಳ, ಹಳೆಯ ಅರಸರ ವಿಷಯಗಳನ್ನು ಕೇಳಿ ತಿಳಿದನು. ಇದೆಲ್ಲವನ್ನೂ ದೇವಚಂದ್ರನೇ ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ.

ಡೇರೆ ಎದ್ದುಹೋಯಿತು; ಪ್ರಶ್ನೆಗಳು ದೇವಚಂದ್ರನ ಮನಸ್ಸಿನಲ್ಲಿ ಉಳಿದುವು. ಮೂವತ್ತನಾಲ್ಕು ವರ್ಷಗಳ ಮೇಲೆ, 1838ರಲ್ಲಿ, ಅವನು ‘ರಾಜಾವಳಿಕಥೆ’ಯನ್ನು ಮುಗಿಸಿದನು. ಅಷ್ಟರೊಳಗೆ ಮೆಕೆಂಜಿ ತೀರಿಕೊಂಡು ಹದಿನೇಳು ವರ್ಷಗಳಾಗಿದ್ದುವು. ಮೈಸೂರು ಅರಮನೆಯ ದೇವೀರಮ್ಮಣ್ಣಿಯವರ ಆದರವೂ ಈ ಗ್ರಂಥಕ್ಕೆ ದೊರೆಯಿತು. ಹನ್ನೊಂದು ಅಧಿಕಾರಗಳ ಈ ಗ್ರಂಥದಲ್ಲಿ ತೀರ್ಥಂಕರರ ಕಾಲದಿಂದ ಹಿಡಿದು ಭದ್ರಬಾಹು, ಚಂದ್ರಗುಪ್ತ, ಹೊಯ್ಸಳ ಬಿಟ್ಟಿದೇವ, ಮೈಸೂರ ಒಡೆಯರು, ಹೈದರ್, ಟಿಪ್ಪು, ಎಲ್ಲರೂ ಬಂದುಹೋಗುತ್ತಾರೆ. ಚಂದ್ರಗುಪ್ತನು ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬ ವಿಚಾರವನ್ನು ಎತ್ತಿಹಿಡಿಯುವಾಗ ರೈಸ್ ಸಾಹೇಬರು ಆಧಾರವಾಗಿ ತಂದವುಗಳಲ್ಲಿ ಇದೂ ಒಂದು. ಫ್ಲೀಟ್ ಪಂಡಿತರು ಆ ವಾದವನ್ನು ಒಪ್ಪಲಿಲ್ಲ. ಅಂದಿನಿಂದ ‘ರಾಜಾವಳಿಕಥೆ’ಯೆಂದರೆ ಚಂದ್ರಗುಪ್ತನ ವಾದಕ್ಕೆ ಬೇಕಾದಾಗ ಕರೆದು ಆಮೇಲೆ ಕಳುಹಿಸಿಬಿಡುವ ಸಾಕ್ಷಿಯಂತೆ ಆಯಿತು.

ನಮ್ಮ ಅಭಿಪ್ರಾಯದಲ್ಲಿ ಇದು ದೇವಚಂದ್ರನನ್ನು ತಪ್ಪು ಕಡೆಯಿಂದ ಓದುವುದು. ಎರಡು ಸಾವಿರ ವರ್ಷಗಳ ಹಿಂದಿನ ಸಂಗತಿಗೆ ಹತ್ತೊಂಬತ್ತನೆಯ ಶತಮಾನದ ಕರಣಿಕನನ್ನು ಸಾಕ್ಷಿಗೆ ನಿಲ್ಲಿಸಿ, ಬಳಿಕ ಅವನ ಕಾಲಗಣನೆ ಸರಿಯಲ್ಲವೆಂದು ಆಕ್ಷೇಪಿಸುವುದು ನ್ಯಾಯವಲ್ಲ. ಅವನಿಗೆ ಮತಾಭಿಮಾನವಿತ್ತು; ಅನ್ಯಮತಗಳ ವಿಷಯದಲ್ಲಿ ಅವನ ಮಾತು ಮೊನಚು; ಕೇಳಿದುದನ್ನೂ ಓದಿದುದನ್ನೂ ಬೇರ್ಪಡಿಸುವ ಗೊಡವೆಗೆ ಹೋದವನಲ್ಲ. ಆದರೆ ತನ್ನ ತಂದೆ ತಾತಂದಿರ ಕಾಲಕ್ಕೂ ತನ್ನ ಕಾಲಕ್ಕೂ ಬಂದಾಗ ಅವನು ಕಂಡವನು, ಕಂಡವರಿಂದ ಕೇಳಿದವನು. ಒಂದು ಸಣ್ಣ ಸಮಾಜವು ತನ್ನ ಬಸದಿಗಳು ಬರಿದಾಗುತ್ತಿರುವುದನ್ನು ನೋಡುತ್ತ ತಾನು ಹಿಂದೆ ಏನಾಗಿದ್ದೆನೆಂದು ನೆನೆದುಕೊಳ್ಳುವ ಬಗೆಯನ್ನು ತಿಳಿಯಬೇಕಾದರೆ ಈ ಗ್ರಂಥಕ್ಕಿಂತ ಹತ್ತಿರದ ದಾರಿ ಕನ್ನಡದಲ್ಲಿ ನಮಗೆ ಕಂಡಿಲ್ಲ. ಇದನ್ನು ಚರಿತ್ರೆಯೆನ್ನುವುದಕ್ಕಿಂತ ಒಬ್ಬನ ನೆನಪುಗಳ ಗ್ರಂಥವೆಂದು ಓದಿದರೆ ದೇವಚಂದ್ರನಿಗೆ ಸಲ್ಲಬೇಕಾದುದು ಸಲ್ಲುತ್ತದೆ.

ಇವನಷ್ಟೂ ಭಾಗ್ಯವಿಲ್ಲದವರು ಇನ್ನೂ ಇದ್ದಾರೆ. ನಲ್ಲಪ್ಪನೆಂಬ ಹೆಸರಿನೊಡನೆ ಬಂದಿರುವ ‘ಹೈದರ್‌ನಾಮೆ’ 1784ರಲ್ಲಿ, ಎಂದರೆ ಹೈದರನು ಸತ್ತ ಎರಡೇ ವರ್ಷಗಳಲ್ಲಿ, ಕನ್ನಡದಲ್ಲಿ ಬರೆದದ್ದು. ಅದು ವಿದ್ವಾಂಸರ ಕಣ್ಣಿಗೆ ಸರಿಯಾಗಿ ಬಿದ್ದುದು ಮೈಸೂರು ಪ್ರಾಕ್ತನ ಇಲಾಖೆಯ 1930ರ ವರದಿಯಲ್ಲಿ. ಹೈದರ್ ಟಿಪ್ಪುಗಳಿಬ್ಬರಲ್ಲಿಯೂ ಉದ್ಯೋಗ ಮಾಡಿದ ಪುಂಗನೂರಿ ರಾಮಚಂದ್ರರಾಯನು ಮರಾಠಿಯಲ್ಲಿ ಬರೆದಿಟ್ಟ ವೃತ್ತಾಂತವನ್ನು ಸಿ. ಪಿ. ಬ್ರೌನ್ ಇಂಗ್ಲಿಷಿಗೆ ತಿರುಗಿಸಿ 1849ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಅದನ್ನು ಓದಿರುವ ಕನ್ನಡಿಗರು ಎಷ್ಟು ಮಂದಿಯೋ! ಇದಕ್ಕೆ ಪ್ರತಿಯಾಗಿ, ಹುಡುಗನಾಗಿದ್ದಾಗಲೇ ಸೆರೆಸಿಕ್ಕಿ ಸುಮಾರು ಹತ್ತು ವರ್ಷ ಹೈದರ್ ಟಿಪ್ಪುಗಳ ವಶದಲ್ಲಿ ಕಳೆದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕನ ನೆನಪುಗಳು 1824ರಲ್ಲೇ ಲಂಡನ್ನಿನಲ್ಲಿ ಪ್ರಕಟವಾದುವು. ಅವನೂ ದೊಡ್ಡ ಮನುಷ್ಯನಲ್ಲ, ದೊಡ್ಡ ಲೇಖಕನೂ ಅಲ್ಲ. ಅವನ ಬಳಿಯಲ್ಲಿ ಅಚ್ಚಿನ ಮನೆಯಿತ್ತು, ಅಷ್ಟೆ.

ಅಚ್ಚಿನ ಮನೆಯೊಂದಿದ್ದರೆ ಸಾಲದೆಂಬುದಕ್ಕೆ ಕಾವಲಿ ಸೋದರರ ಕಥೆಯೇ ನಿದರ್ಶನ. ಏಲೂರಿನ ಈ ತೆಲುಗು ಬ್ರಾಹ್ಮಣರು ಮೆಕೆಂಜಿಯವರ ಬಲಗೈಯಾಗಿದ್ದವರು. ಹಿರಿಯನಾದ ವೆಂಕಟ ಬೋರಯ್ಯನು ಹಳಗನ್ನಡ ಶಾಸನಗಳ ಲಿಪಿಯನ್ನು ಬಿಡಿಸಿ ಓದಿದನೆಂದು ಮೆಕೆಂಜಿಯವರೇ ಕೃತಜ್ಞತೆಯಿಂದ ನೆನೆದಿದ್ದಾರೆ. ಮೂವತ್ತು ತುಂಬುವ ಮೊದಲೇ, 1803ರಲ್ಲಿ, ಅವನು ತೀರಿಕೊಂಡನು. ತಮ್ಮನಾದ ವೆಂಕಟ ರಾಮಸ್ವಾಮಿಯು ದಖ್ಖಣದ ಊರುಗಳ ವರ್ಣನೆಯೊಂದನ್ನು 1828ರಲ್ಲಿಯೂ, ದಖ್ಖಣದ ಕವಿಗಳ ಚರಿತ್ರೆಯೊಂದನ್ನು 1829ರಲ್ಲಿ ಕಲ್ಕತ್ತೆಯಲ್ಲಿಯೂ ಇಂಗ್ಲಿಷಿನಲ್ಲಿ ಪ್ರಕಟಿಸಿದನು. 1836ರಲ್ಲಿ ಅಡುಗೆಯ ಶಾಸ್ತ್ರವನ್ನೂ ಬರೆದನು. ಈ ಕೊನೆಯದನ್ನು ಕಂಡು ಯಾರಾದರೂ ನಕ್ಕರೆ ನಗಲಿ; ಕವಿಗಳ ಚರಿತ್ರೆಯನ್ನೂ ಸಾರಿನ ಅಳತೆಯನ್ನೂ ಒಂದೇ ಶ್ರದ್ಧೆಯಿಂದ ಬರೆದಿಟ್ಟವನ ಬಗ್ಗೆ ನಮಗೆ ಗೌರವವೇ ಹೆಚ್ಚುತ್ತದೆ.

ಇನ್ನೊಬ್ಬನಾದ ವೆಂಕಟ ಲಕ್ಷ್ಮಯ್ಯನ ಪಾಡು ಬೇರೆ. ಅಣ್ಣನ ತರುವಾಯ ಶೋಧಕಾರ್ಯದ ಮೇಲ್ವಿಚಾರಣೆಯನ್ನೆಲ್ಲ ಹೊತ್ತವನು ಅವನು. ಮೆಕೆಂಜಿ ತೀರಿಕೊಂಡ ಬಳಿಕ ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಲು ಅವಕಾಶ ಕೊಡಬೇಕೆಂದು ಕೇಳಿಕೊಂಡನು. 1836ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯವರು, ಪ್ರಿನ್ಸೆಪ್ ಪಂಡಿತರು ಕಾರ್ಯದರ್ಶಿಗಳಾಗಿದ್ದಾಗ, ವಿಚಾರಮಾಡಿ ಅವನನ್ನು ನಿರಾಕರಿಸಿದರು. ಸಂಗ್ರಹಿಸಲು, ಸಹಾಯ ಮಾಡಲು ಅವನು ಯೋಗ್ಯನೇ. ವಿಮರ್ಶೆಮಾಡಿ ನಿರ್ಣಯ ಹೇಳುವ ಸಾಮರ್ಥ್ಯ ದೇಶೀಯನಿಗೆ ಸಾಲದು ಎಂಬುದು ಅವರ ತೀರ್ಮಾನದ ಸಾರ. ಕೆಲಸ ಪಾದ್ರಿ ವಿಲಿಯಂ ಟೇಲರರಿಗೆ ಹೋಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಊರೂರು ಅಲೆದು, ಊರವರ ಸಂಶಯಗಳನ್ನು ಸಮಾಧಾನಪಡಿಸಿ, ಪೆಟ್ಟಿಗೆ ತೆರೆಯಿಸಿದವನಿಗೆ ಪೆಟ್ಟಿಗೆಯೊಳಗಿನದನ್ನು ಕುರಿತು ಮಾತನಾಡುವ ಅಧಿಕಾರವಿಲ್ಲವಾಯಿತು.

ಅನ್ಯರು ಮಾಡಿದುದನ್ನು ಹೇಳಿ ನಾವು ಮಾಡಿದುದನ್ನು ಮುಚ್ಚಿಡಬಾರದು. ಮದರಾಸಿಗೆ ಬಂದ ಕೈಫಿಯತ್ತುಗಳನ್ನು ಭಾಷೆಯ ಪ್ರಕಾರ ವಿಂಗಡಿಸಿದರು; ಅದು ಸಹಜವೇ. ಆದರೆ ಗಡಿಯ ಸೀಮೆಗಳಲ್ಲಿ ಭಾಷೆಯೆಂಬುದು ಊರಿನ ಬೇಲಿಯಲ್ಲ. ಕನ್ನಡವಾಡುವ ಊರಿನ ಕರಣಂ ತೆಲುಗಿನಲ್ಲಿ ಬರೆದುಕೊಟ್ಟುದುಂಟು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಸೇರಿದುವು. ಅಲ್ಲಿಂದ ಮುಂದೆ ನಮ್ಮ ಸೀಮೆಯ ಕೈಫಿಯತ್ತುಗಳು ತೆಲುಗಿನವರಿಗೆ ಕನ್ನಡದವು, ಕನ್ನಡದವರಿಗೆ ಆಂಧ್ರದವು. ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಬೃಹತ್ಸಂಪುಟವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿದುದು ದೊಡ್ಡ ಉಪಕಾರ. ಅದರ ಹೆಸರಿನಲ್ಲಿಯೇ ಒಂದು ಗಡಿ ಇದೆಯೆಂಬುದನ್ನು ದೂರಾಗಿ ಅಲ್ಲ, ಆಚೆಯವರು ಮಾಡಬೇಕಾದ ಕೆಲಸ ಉಳಿದಿದೆಯೆಂಬ ಜ್ಞಾಪಕಕ್ಕಾಗಿ ಹೇಳುತ್ತೇವೆ.

ಏಕೆಂದರೆ ಮೆಕೆಂಜಿಯವರ ಜನರಿಗೆ ಸಿಕ್ಕದೆ ಉಳಿದ ಕಾಗದಗಳು ಇನ್ನೂ ಮನೆಗಳಲ್ಲಿವೆ. ಕುಲಕರ್ಣಿ ವತನುಗಳು 1950ರ ಕಾಯಿದೆಯಿಂದ, ಮೈಸೂರಿನ ಶಾನುಭೋಗಿಕೆ 1961ರ ಕಾಯಿದೆಯಿಂದ, ತಮಿಳುನಾಡಿನ ಕರಣಂ ಹುದ್ದೆ 1980ರಲ್ಲಿ, ಆಂಧ್ರದ್ದು 1984ರಲ್ಲಿ ರದ್ದಾದುವು. ರದ್ದಾದುದು ತಪ್ಪೆಂದು ನಾವು ಹೇಳುವುದಿಲ್ಲ. ವಂಶಪಾರಂಪರ್ಯದ ಆ ಅಧಿಕಾರದಿಂದ ರೈತರು ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ಆದರೆ ಹುದ್ದೆಯೊಡನೆ ಸರ್ಕಾರಕ್ಕೆ ಒಪ್ಪಿಸಿದ್ದು ಚಾಲ್ತಿಯ ಲೆಕ್ಕಗಳನ್ನು ಮಾತ್ರ. ಹಳೆಯ ಕಟ್ಟುಗಳು ಅಟ್ಟದ ಮೇಲೆಯೇ ಉಳಿದುವು. ಕೆಲವು ತೂಕಕ್ಕೆ ಹೋದುವು, ಕೆಲವು ನೀರೊಲೆಗೆ.

ಮಡಕಶಿರದ ಕಡೆಯ ಒಂದು ಹಳ್ಳಿಯಲ್ಲಿ ಅಂಥ ಅಟ್ಟವೊಂದರಿಂದ ಇಳಿಸಿದ ಪೆಟ್ಟಿಗೆಯನ್ನು ನಾವು ಕಂಡೆವು. ಮೇಲಿನ ಅರ್ಧ ಮಣ್ಣಾಗಿತ್ತು. ಮನೆಯ ಮೊಮ್ಮಗನು ತೆಲುಗಿನಲ್ಲಿ ಓದಿದ ಹುಡುಗ. ಮನೆಯ ಮಾತು ಕನ್ನಡ. ಲಿಪಿಗಳು ಅಕ್ಕತಂಗಿಯರಾದುದರಿಂದ ಅಲ್ಲೊಂದು ಇಲ್ಲೊಂದು ಅಕ್ಷರ ಅವನಿಗೆ ಗುರುತು ಹತ್ತುತ್ತಿತ್ತು, ಮೋಡಿಯ ಕೂಡುಬರೆಹವಾದುದರಿಂದ ಮಾತು ಹತ್ತುತ್ತಿರಲಿಲ್ಲ. “ನಮ್ಮ ತಾತನವರು ಏನು ಬರೆದಿದಾರೆ ಸ್ವಾಮಿ?” ಎಂದು ಕೇಳಿದನು. ನಮಗೂ ಸಲೀಸಾಗಲಿಲ್ಲ. ಹೊತ್ತು ಮುಳುಗುವವರೆಗೆ ಕುಳಿತು ಬಿಡಿಸಿದುದು ಒಂದೂವರೆ ಹಾಳೆ: ಕೆರೆಯ ಏರಿ ಒಡೆದು ಗದ್ದೆಗಳ ಮೇಲೆ ಮರಳು ಬಿದ್ದುದು, ಮಾಫಿ ಕೇಳಿಕೊಂಡುದು, ಅಮಲ್ದಾರರು ತಾವೇ ಬಂದು ನೋಡುವುದಾಗಿ ಹೇಳಿ ಬಾರದೆ ಹೋದುದು, ಏರಿ ಕಟ್ಟಲು ಬಂದ ಒಡ್ಡರಿಗೆ ಕೊಟ್ಟ ರಾಗಿಯ ಲೆಕ್ಕ. ಬರೆದವರ ರುಜು ಆ ಹಾಳೆಯಲ್ಲಿಲ್ಲ. ಮುಂದಿನ ಹಾಳೆಗಳಲ್ಲಿ ಇರಬಹುದು. ಹುಡುಗನು ಎಲ್ಲವನ್ನೂ ಹೊಸ ಬಟ್ಟೆಯಲ್ಲಿ ಕಟ್ಟಿ ಒಳಗಿಟ್ಟಿದ್ದಾನೆ. ಸುಗ್ಗಿ ಮುಗಿದ ಮೇಲೆ ಮತ್ತೆ ಬರುವುದಾಗಿ ಅವನಿಗೆ ಹೇಳಿ ಬಂದಿದ್ದೇವೆ.