ಕೆರೆ ಅಚ್ಚುಕಟ್ಟಿನ ಭತ್ತ, ಕೀಟಬಾಧೆ ಮತ್ತು ಕಾಡುಸಸ್ಯಗಳು: ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಕುರಿತ ಚಾರಿತ್ರಿಕ ಅವಲೋಕನ

ಬೆಂಗಳೂರು ಸುತ್ತಲಿನ ಬಯಲುಸೀಮೆಯ ಕೃಷಿಯನ್ನು ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ರಾಗಿ, ರೇಷ್ಮೆ ಹಾಗೂ ದ್ರಾಕ್ಷಿಗಳಿಗೆ ದೊರೆಯುವ ಪ್ರಾಧಾನ್ಯ ಭತ್ತಕ್ಕೆ ದೊರೆಯುವುದಿಲ್ಲ. 1986ರಲ್ಲಿ ರಚನೆಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ 2007ರಲ್ಲಿ ರಾಮನಗರ ಜಿಲ್ಲೆಯು ಬೇರ್ಪಟ್ಟ ಬಳಿಕ ಉಳಿದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಅರ್ಕಾವತಿ ಹಾಗೂ ದಕ್ಷಿಣ ಪಿನಾಕಿನಿ, ಶಿವಗಂಗೆಯ ಕಡೆಯಿಂದ ಇಳಿಯುವ ಕುಮುದ್ವತಿ ಇವು ಮೂರೂ ಮಳೆಯನ್ನು ನಂಬಿದ ಹೊಳೆಗಳು. ಹೀಗಾಗಿ ಇಲ್ಲಿ ಭತ್ತವೆಂದರೆ ಕೆರೆಯ ಕೆಳಗಿನ ಗದ್ದೆಯ ಬೆಳೆ. ಕೆರೆಯ ಏರಿ, ತೂಬು, ಕಾಲುವೆ, ಬದು ಮತ್ತು ಊರ ಗುಂಡುತೋಪು ಇವೆಲ್ಲವೂ ಸೇರಿ ಒಂದು ವ್ಯವಸ್ಥೆಯಾಗಿದ್ದವು. ಈ ವ್ಯವಸ್ಥೆಯೊಳಗೆ ಯಾರೂ ಬಿತ್ತದೆ ಬೆಳೆದ ಗಿಡಮರಗಳಿಗೂ ಭತ್ತದ ಕೀಟಗಳಿಗೂ ಇದ್ದ ಸಂಬಂಧ ಯಾವ ಬಗೆಯದು, ಅದು ಚರಿತ್ರೆಯ ಯಾವ ಘಟ್ಟದಲ್ಲಿ ಹೇಗೆ ಗ್ರಹಿಸಲ್ಪಟ್ಟಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರದೇಶದ ಶಾಸನಗಳು 1905ರಲ್ಲಿ ಪ್ರಕಟವಾದ 'ಎಪಿಗ್ರಾಫಿಯಾ ಕರ್ನಾಟಿಕ'ದ ಒಂಬತ್ತನೆಯ ಸಂಪುಟದಲ್ಲಿ ಸಂಕಲನಗೊಂಡಿವೆ. ಕೆರೆ ಕಟ್ಟಿಸಿದ್ದು, ಗದ್ದೆ ಬೆದ್ದಲುಗಳನ್ನು ದತ್ತಿ ಬಿಟ್ಟದ್ದು, ಕೆರೆಯ ರಕ್ಷಣೆಗೆ ಭೂಮಿ ನೀಡಿದ್ದು ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ವಿಷಯಗಳು. ಆದರೆ ಶಾಸನಕ್ಕೆ ಬೇಕಾದುದು ಭೂಮಿಯ ಎಲ್ಲೆ ಮತ್ತು ಹಕ್ಕು. ಗದ್ದೆಗೆ ಬಿದ್ದ ಹುಳುವನ್ನಾಗಲಿ ಅದಕ್ಕೆ ಮಾಡಿದ ಉಪಾಯವನ್ನಾಗಲಿ ಅದು ದಾಖಲಿಸುವುದಿಲ್ಲ. ಶಾಸ್ತ್ರಗ್ರಂಥಗಳ ಸ್ಥಿತಿ ಸ್ವಲ್ಪ ಭಿನ್ನ. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರಂ' ಎಂಬ ಕನ್ನಡ ಗ್ರಂಥದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಗಿಡಮರಗಳ ರೋಗಕ್ಕೆ ಬೇರೆ ಗಿಡಮರಗಳಿಂದಲೇ ಮದ್ದು ಮಾಡಬಹುದೆಂಬ ತಿಳಿವಳಿಕೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳಷ್ಟು ಹಳೆಯದೆಂಬುದಕ್ಕೆ ಇದು ಆಧಾರ. ಆದರೆ ವೃಕ್ಷಾಯುರ್ವೇದದ ಮುಖ್ಯ ಕಾಳಜಿ ತೋಟದ ವೃಕ್ಷಗಳೇ ಹೊರತು ಕೆಸರುಗದ್ದೆಯ ಭತ್ತವಲ್ಲ. ಆದಕಾರಣ ಇಂದಿನ ಸಸ್ಯಜನ್ಯ ಕೀಟನಾಶಕಗಳನ್ನು ನೇರವಾಗಿ ಆ ಗ್ರಂಥಗಳಿಗೆ ಗಂಟುಹಾಕುವುದು ಸಮಂಜಸವಾಗದು.

1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿ 1807ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಭತ್ತವನ್ನು ಒಣಬಿತ್ತನೆಯಾಗಿ, ಮೊಳೆಬಿತ್ತನೆಯಾಗಿ ಹಾಗೂ ನಾಟಿಯಾಗಿ ಬೆಳೆಯುವ ಮೂರು ಕ್ರಮಗಳನ್ನು ವಿವರಿಸುತ್ತಾನೆ. ಗದ್ದೆಗೆ ಗಿಡಮರಗಳ ಸೊಪ್ಪನ್ನು ಹಾಕುವುದನ್ನೂ ಆತ ಗಮನಿಸಿದ್ದಾನೆ. ಹೊಂಗೆ, ಎಕ್ಕ, ತಂಗಡಿ, ಲಕ್ಕಿ ಮುಂತಾದವುಗಳ ಸೊಪ್ಪನ್ನು ನಾಟಿಗೆ ಮುನ್ನ ಕೆಸರಿನಲ್ಲಿ ತುಳಿಯುವ ಪದ್ಧತಿ ಹಳೆಯ ಮೈಸೂರಿನ ರೈತರಿಗೆ ಚಿರಪರಿಚಿತ. ಇಲ್ಲಿ ಒಂದು ಅಂಶ ಗಮನಾರ್ಹವಾದುದು. ಬುಕಾನನ್ ಮೊದಲ್ಗೊಂಡು ನಂತರದ ಕೃಷಿ ಬರಹಗಳವರೆಗೆ ಈ ಸೊಪ್ಪು 'ಗೊಬ್ಬರ'ದ ಶೀರ್ಷಿಕೆಯಡಿಯಲ್ಲಿಯೇ ಬರುತ್ತದೆ. ಕೀಟದ ಮಾತು ಬೇರೊಂದು ಅಧ್ಯಾಯಕ್ಕೆ ಸೇರುತ್ತದೆ. ರೈತನ ಗದ್ದೆಯಲ್ಲಿ ಒಂದೇ ಆಗಿದ್ದ ಕೆಲಸ ಕಾಗದದ ಮೇಲೆ ಎರಡಾಯಿತು. ಕಾಡುಸಸ್ಯಗಳ ಪಾತ್ರವನ್ನು ಗುರುತಿಸುವುದರಲ್ಲಿ ಉಂಟಾದ ವಿಳಂಬಕ್ಕೆ ಈ ವಿಂಗಡಣೆಯೂ ಒಂದು ಕಾರಣ.

ಕೀಟಶಾಸ್ತ್ರವು ಮೈಸೂರು ಸಂಸ್ಥಾನದಲ್ಲಿ ಆಡಳಿತದ ಅಂಗವಾದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞರಾಗಿ ಸಂಸ್ಥಾನದ ಸೇವೆಗೆ ಸೇರಿ, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಕೆಯ ಕೊಳೆರೋಗವನ್ನು ಕುರಿತ ಅವರ ಕೆಲಸ ಪ್ರಸಿದ್ಧವಾಗಿದೆ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಕೃತಿಯೆಂದರೆ ಕೆ. ಕುಞಿಕಣ್ಣನ್ ಅವರೊಡನೆ 1911ರಲ್ಲಿ ಪ್ರಕಟಿಸಿದ, ಭತ್ತದ ಮಿಡತೆಯನ್ನು ಕುರಿತ ಪುಸ್ತಿಕೆ. ಇಲಾಖೆಯ ಕೀಟಶಾಸ್ತ್ರ ಮಾಲಿಕೆಯಲ್ಲಿ ಇದೇ ಮೊದಲನೆಯದು. ಬೆಂಗಳೂರಿನಿಂದ ಹೊರಟ ಕೀಟಶಾಸ್ತ್ರದ ಸರಣಿಯು ಭತ್ತದ ಕೀಟದಿಂದಲೇ ಆರಂಭವಾಯಿತೆಂಬುದು ಉಲ್ಲೇಖನೀಯ.

ಈ ಮಿಡತೆಯ ಜೀವನಕ್ರಮವು ಬದುವಿನ ಸಸ್ಯಗಳಿಗೆ ನಿಕಟವಾಗಿ ಹೊಂದಿಕೊಂಡಿದೆ. ಹೆಣ್ಣು ಮಿಡತೆ ಮಣ್ಣಿನಲ್ಲಿ, ವಿಶೇಷವಾಗಿ ಬದುಗಳಲ್ಲಿ, ಮೊಟ್ಟೆಯ ಗೊಂಚಲುಗಳನ್ನಿಡುತ್ತದೆ. ಮುಂಗಾರಿನ ಮಳೆಗೆ ಹೊರಬರುವ ಮರಿಗಳು ಮೊದಲು ಬದುವಿನ ಹುಲ್ಲನ್ನು ಮೇಯ್ದು, ಅನಂತರ ಪೈರಿಗೆ ಇಳಿಯುತ್ತವೆ. ಹೀಗೆ ಕೀಟಶಾಸ್ತ್ರದ ಮೊದಲ ನೋಟದಲ್ಲಿ ಕಾಡುಸಸ್ಯವು ಕೀಟದ ಆಶ್ರಯವಾಗಿ ಕಾಣಿಸಿಕೊಂಡಿತು. ಈ ನೋಟ ತಪ್ಪಲ್ಲ. ತೆನೆ ತಿಗಣೆಯು ಭತ್ತ ಹಾಲುಗಟ್ಟುವವರೆಗೆ ಕಾಡುಹುಲ್ಲುಗಳ ಕಾಳಿನ ಮೇಲೆ ಜೀವಿಸುತ್ತದೆ. ಎಲೆ ಸುರುಳಿ ಹುಳುವಿಗೂ ಗದ್ದೆಯಂಚಿನ ಹಲವು ಹುಲ್ಲುಗಳು ಆಹಾರವಾಗುತ್ತವೆ. ಕಣೆನೊಣವು ಕಾಡುಭತ್ತದಲ್ಲಿ ಉಳಿದುಕೊಳ್ಳಬಲ್ಲದು. ಬದುವನ್ನು ಕೆತ್ತಿ ಶುಚಿಗೊಳಿಸಬೇಕೆಂಬ ಇಲಾಖೆಗಳ ಸಲಹೆಗೆ ಹಿನ್ನೆಲೆ ಇದು. ಆದರೆ ಇದು ಅರ್ಧ ಸತ್ಯ ಮಾತ್ರವಾಗಿತ್ತು. ಅದೇ ಬದುವಿನಲ್ಲಿ ಕೀಟಗಳನ್ನು ತಿಂದು ಬದುಕುವ ಜೇಡಗಳೂ ಪರತಂತ್ರ ಕಣಜಗಳೂ ನೆಲೆಸಿರುತ್ತವೆಂಬ ಇನ್ನರ್ಧವು ಸಲಹೆಯ ರೂಪಕ್ಕೆ ಬರಲು ಬಹಳ ಕಾಲ ಹಿಡಿಯಿತು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಬಿ.ಎಚ್.ಸಿ. ಮತ್ತು ಡಿ.ಡಿ.ಟಿ. ಪುಡಿಗಳು ಹಳ್ಳಿಗಳನ್ನು ತಲುಪಿದವು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1966ರ ಬಳಿಕ ಐ.ಆರ್.-8, ಆನಂತರ ಜಯ ಮುಂತಾದ ಗಿಡ್ಡ ತಳಿಗಳು ಬಂದವು. ಈ ತಳಿಗಳು ಹೆಚ್ಚು ಸಾರಜನಕವನ್ನು ಬೇಡಿದವು. ಯೂರಿಯಾ ಉಂಡು ಕಡುಹಸಿರಾಗಿ ಬೆಳೆದ ಪೈರು ಎಲೆ ಸುರುಳಿ ಹುಳುವಿಗೂ ಕಂದು ಜಿಗಿಹುಳುವಿಗೂ ಪ್ರಿಯವಾದ ಆಹಾರ. ನೆರೆಯ ಕೇರಳದ ಕುಟ್ಟನಾಡಿನಲ್ಲಿ 1973–74ರಲ್ಲಿ ಕಂದು ಜಿಗಿಹುಳು ಭಾರಿ ಹಾನಿಯನ್ನುಂಟುಮಾಡಿತು. ಕೀಟನಾಶಕವು ಜಿಗಿಹುಳುವಿನ ಶತ್ರುಗಳನ್ನೇ ಮೊದಲು ಕೊಂದು ಅದರ ಮರುಹೆಚ್ಚಳಕ್ಕೆ ದಾರಿ ಮಾಡಿಕೊಡುತ್ತದೆಂಬುದು ಅನಂತರದ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. ಭಾರತದಲ್ಲಿ ಬಿ.ಎಚ್.ಸಿ. 1997ರಲ್ಲಿ ನಿಷೇಧಕ್ಕೊಳಗಾಯಿತು.

ಕಾಡುಸಸ್ಯಗಳತ್ತ ವಿಜ್ಞಾನದ ದೃಷ್ಟಿ ಮರಳಿದ್ದು ಬೇವಿನ ಮೂಲಕ. 1960ರ ದಶಕದ ಆರಂಭದಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪ್ರಧಾನ್ ಮತ್ತು ಅವರ ಸಹೋದ್ಯೋಗಿಗಳು ಬೇವಿನ ಬೀಜದ ಕಷಾಯ ಸಿಂಪಡಿಸಿದ ಬೆಳೆಯನ್ನು ಮರುಭೂಮಿ ಮಿಡತೆಗಳು ಮುಟ್ಟುವುದಿಲ್ಲವೆಂಬುದನ್ನು ತೋರಿಸಿದರು. 1968ರಲ್ಲಿ ಅಜಾಡಿರಾಕ್ಟಿನ್ ಎಂಬ ಸಂಯುಕ್ತವನ್ನು ಬೇವಿನಿಂದ ಪ್ರತ್ಯೇಕಿಸಲಾಯಿತು. ಇದು ಕೀಟದ ಆಹಾರಸೇವನೆಯನ್ನು ತಡೆಯುತ್ತದೆ; ಅದರ ಪೊರೆಬಿಡುವ ಕ್ರಿಯೆಯನ್ನು ಕೆಡಿಸುತ್ತದೆ. ಬೇವಿನ ಎಣ್ಣೆಯಿಂದ ಶಿಲೀಂಧ್ರ ನಿಯಂತ್ರಿಸುವ ವಿಧಾನಕ್ಕೆ 1994ರಲ್ಲಿ ಯೂರೋಪಿನಲ್ಲಿ ನೀಡಿದ್ದ ಪೇಟೆಂಟು 2000ದಲ್ಲಿ ರದ್ದಾಗಿ, 2005ರಲ್ಲಿ ಆ ತೀರ್ಮಾನ ಊರ್ಜಿತವಾಯಿತು. ಈ ಬಯಲುಸೀಮೆಯ ಮಟ್ಟಿಗೆ ಬೇವಿನಷ್ಟೇ ಮುಖ್ಯವಾದ ಮರ ಹೊಂಗೆ. ಅದರ ಬೀಜದ ಎಣ್ಣೆಯಲ್ಲಿರುವ ಕರಂಜಿನ್ ಕೀಟಗಳಿಗೆ ಅಹಿತವಾದುದು. ಬೇವು ಮತ್ತು ಹೊಂಗೆಯ ಹಿಂಡಿ ಮಣ್ಣಿನಲ್ಲಿ ಸಾರಜನಕದ ಪರಿವರ್ತನೆಯನ್ನು ನಿಧಾನಗೊಳಿಸುವುದರಿಂದ ಪೈರು ಹದವಾಗಿ ಬೆಳೆಯುತ್ತದೆ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆ ಬೇವಿನ ಲೇಪನ ಕಡ್ಡಾಯವಾದುದು ಇದೇ ತತ್ತ್ವದ ಮೇಲೆ.

ಸೊಪ್ಪು ತುಳಿಯುವ ಪದ್ಧತಿಗೆ ಇನ್ನೊಂದು ವಿವರಣೆಯೂ ಲಭ್ಯವಿದೆ. ಜಾವಾ ದ್ವೀಪದ ಗದ್ದೆಗಳಲ್ಲಿ ನಡೆದು 1996ರಲ್ಲಿ ಪ್ರಕಟವಾದ ಸೆಟಲ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಕೊಳೆಯುವ ಸಾವಯವ ಪದಾರ್ಥವನ್ನು ತಿಂದು ಬದುಕುವ ನಿರುಪದ್ರವಿ ಕೀಟಗಳು ಹಂಗಾಮಿನ ಆರಂಭದಲ್ಲಿಯೇ ಹೆಚ್ಚುತ್ತವೆ. ಅವುಗಳನ್ನುಂಡು ಜೇಡ ಮೊದಲಾದ ಪರಭಕ್ಷಕಗಳು ಬೆಳೆಯುತ್ತವೆ. ಪೈರಿನ ಶತ್ರುಗಳು ಬರುವ ವೇಳೆಗೆ ಕಾವಲು ಸಿದ್ಧವಾಗಿರುತ್ತದೆ. ಈ ಬೆಳಕಿನಲ್ಲಿ ನೋಡಿದಾಗ ಗದ್ದೆಗೆ ತುಳಿದ ಹೊಂಗೆಸೊಪ್ಪು ಕೇವಲ ಗೊಬ್ಬರವಾಗಿರದೆ, ಕೀಟದ ಶತ್ರುಗಳಿಗೆ ಮುಂಗಡ ಆಹಾರ ಒದಗಿಸುವ ಉಪಾಯವೂ ಆಗಿದ್ದಿರಬೇಕೆಂದು ಊಹಿಸಲು ಅವಕಾಶವಿದೆ. ರೈತರು ಈ ಕಾರಣಕ್ಕಾಗಿಯೇ ಸೊಪ್ಪು ಹಾಕಿದರೆಂದು ಹೇಳಲಾಗದು. ಪದ್ಧತಿಯ ಫಲ ಅದರ ಉದ್ದೇಶಕ್ಕಿಂತ ವಿಶಾಲವಾಗಿರಬಹುದು.

ಬದುವಿನ ಹೂಗಿಡಗಳ ವಿಷಯದಲ್ಲಿ ಪುರಾವೆ ಇನ್ನಷ್ಟು ದೃಢವಾಗಿದೆ. ಕಣಜಗಳಿಗೆ ಮಕರಂದ ನೀಡುವ ಸಸ್ಯಗಳನ್ನು ಬದುಗಳಲ್ಲಿ ಬೆಳೆಸಿ ಚೀನಾ, ವಿಯೆಟ್ನಾಂ ಮತ್ತು ಥಾಯ್ಲೆಂಡ್‌ಗಳಲ್ಲಿ ನಾಲ್ಕು ವರ್ಷ ನಡೆಸಿದ ಪ್ರಯೋಗಗಳ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಕೀಟನಾಶಕ ಬಳಕೆ ಶೇ. 70ರಷ್ಟು ಇಳಿದು, ಇಳುವರಿ ಶೇ. 5ರಷ್ಟು ಹೆಚ್ಚಿತೆಂದು ಅದು ತಿಳಿಸುತ್ತದೆ. ಜೈವಿಕ ನಿಯಂತ್ರಣದ ಅಧ್ಯಯನದಲ್ಲಿ ಬೆಂಗಳೂರಿನ ಸ್ಥಾನವೂ ಗಣನೀಯವಾದುದು. 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಇಲ್ಲಿ ಆರಂಭವಾಯಿತು. 1993ರಲ್ಲಿ ಹೆಬ್ಬಾಳದಲ್ಲಿ ಸ್ಥಾಪಿತವಾದ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವು ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಹೆಸರಾಗಿದೆ.

ಇಷ್ಟಾದರೂ ಕಾಡುಸಸ್ಯಗಳೆಲ್ಲವನ್ನೂ ಏಕರೂಪವಾಗಿ ಪ್ರಶಂಸಿಸುವುದು ವಿವೇಕವಲ್ಲ. ಕಷಾಯಗಳ ಸತ್ವವು ಸಸ್ಯದ ಭಾಗ, ಋತು ಹಾಗೂ ತಯಾರಿಕೆಯ ವಿಧಾನಕ್ಕೆ ಅನುಗುಣವಾಗಿ ಬದಲಾಗುತ್ತದೆ. ಬಿಸಿಲಿಗೆ ಅದು ಬೇಗನೆ ಕುಂದುತ್ತದೆ. ಉಮ್ಮತ್ತಿ, ಕಾಸರಕಗಳಂಥವು ಮನುಷ್ಯರಿಗೂ ದನಕರುಗಳಿಗೂ ವಿಷ. ಕಾಂಡದೊಳಗೆ ಹೊಕ್ಕ ಕೊರಕ ಹುಳುವಿಗೆ ಹೊರಗಿನ ಸಿಂಪಡಣೆ ತಲುಪುವುದು ಕಷ್ಟ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಗದ್ದೆಗೆ ಕಾಸರಕದ ಗೆಲ್ಲು ನೆಡುವ ಆಚರಣೆಯಲ್ಲಿ ನಂಬಿಕೆಯ ಪಾಲೆಷ್ಟು, ಹುಳು ಹೆಕ್ಕುವ ಹಕ್ಕಿಗೆ ಆಸರೆಯಾಗುವ ಗೆಲ್ಲಿನ ಉಪಯೋಗದ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ. ಬದುವಿನಲ್ಲಿ ಯಾವ ಹುಲ್ಲನ್ನು ಕೀಳಬೇಕು, ಯಾವ ಹೂಗಿಡವನ್ನು ಉಳಿಸಬೇಕು ಎಂಬ ವಿವೇಚನೆಯೇ ಈ ಜ್ಞಾನದ ತಿರುಳು.

ಈ ವಿವೇಚನೆಗೆ ಆಧಾರವಾಗಿದ್ದ ನೆಲ ನಾಲ್ಕೂ ತಾಲ್ಲೂಕುಗಳಲ್ಲಿ ಕುಗ್ಗುತ್ತ ಬಂದಿದೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಿಂದ ನೀಲಗಿರಿ ನೆಡುತೋಪುಗಳು ಹೊಲಗಳನ್ನೂ ಗೋಮಾಳಗಳನ್ನೂ ಆವರಿಸಿದವು. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತಾದರೂ ಹೊಂಗೆಯ ತೋಪು ಆಜ್ಞೆಯಿಂದ ಮರಳಿ ಬರುವುದಿಲ್ಲ. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಡಾವಣೆಗಳೂ ಕೈಗಾರಿಕಾ ಪ್ರದೇಶಗಳೂ ಹಬ್ಬಿದವು. ಕೆರೆಗಳು ತುಂಬದ ವರ್ಷಗಳಲ್ಲಿ ಗದ್ದೆ ಬೀಳುಬಿತ್ತು; ಗದ್ದೆ ಬಿದ್ದಾಗ ಬದುವಿನ ಗಿಡಗಳ ಹೆಸರು ಬಲ್ಲವರ ಮಾತೂ ಕೇಳುವವರಿಲ್ಲದೆ ಹೋಯಿತು.

ಮೇಲಿನ ಅವಲೋಕನದಿಂದ ಎರಡು ತೀರ್ಮಾನಗಳು ಹೊಮ್ಮುತ್ತವೆ. ಮೊದಲನೆಯದಾಗಿ, ಕಾಡುಸಸ್ಯವು ಭತ್ತದ ಗದ್ದೆಯಲ್ಲಿ ಕೀಟಕ್ಕೆ ಆಶ್ರಯ, ಕೀಟದ ಶತ್ರುವಿಗೆ ಆಹಾರ, ಪೈರಿಗೆ ಹದವಾದ ಪೋಷಣೆ, ಕೀಟಕ್ಕೆ ಕಹಿ ಎಂಬ ನಾಲ್ಕು ಪಾತ್ರಗಳನ್ನು ವಹಿಸಿದೆ. ದಾಖಲೆಗಳು ಒಂದೊಂದು ಕಾಲಕ್ಕೆ ಒಂದೊಂದನ್ನು ಮಾತ್ರ ಕಂಡಿವೆ. ಎರಡನೆಯದಾಗಿ, ಸೊಪ್ಪಿನ ಬದಲಿಗೆ ಯೂರಿಯಾ ಬಂದಾಗ ಲೆಕ್ಕಕ್ಕೆ ಹಿಡಿದದ್ದು ಸಾರಜನಕವನ್ನಷ್ಟೆ. ಉಳಿದ ನಷ್ಟ ಯಾವ ಲೆಕ್ಕಕ್ಕೂ ಬರಲಿಲ್ಲ. ನಾಲ್ಕು ತಾಲ್ಲೂಕುಗಳ ಕೆರೆ ಅಚ್ಚುಕಟ್ಟುಗಳಲ್ಲಿ ಇನ್ನೂ ಉಳಿದಿರುವ ಬದು, ತೋಪು ಹಾಗೂ ಏರಿಗಳ ಸಸ್ಯಗಳನ್ನು ಅವುಗಳ ಸ್ಥಳೀಯ ಹೆಸರು, ಬಳಕೆ ಮತ್ತು ಅವುಗಳ ಮೇಲೆ ನೆಲಸುವ ಕೀಟಗಳೊಡನೆ ಗ್ರಾಮವಾರು ದಾಖಲಿಸುವ ಕಾರ್ಯ, ಆ ಹೆಸರುಗಳನ್ನು ಬಲ್ಲ ಹಿರಿಯ ಬೇಸಾಯಗಾರರು ಇರುವಾಗಲೇ ನಡೆಯಬೇಕಾದುದು.