ಕಾಡಿಗೊಂದು ಬಿತ್ತುವಟ್ಟ

ಕೊಪ್ಪ ತಾಲ್ಲೂಕಿನ ಭಂಡಿಗಡಿಯ ಕಡೆಯಿಂದ ನಮ್ಮ ಶಾಲೆಗೆ ಬರುವ ಹುಡುಗನೊಬ್ಬನು ಮೊನ್ನೆ ತರಗತಿಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದನು. ಅವನ ತಂದೆ ಬೇಸಗೆಯಲ್ಲಿ ಕಾಡಿನ ಬೆಂಕಿ ಕಾಯುವ ಕೂಲಿಗೆ ಹೋಗುವವರು. ಎಲ್ಲಿಯ ಕಾಡು, ಯಾರ ಕೈಕೆಳಗೆ ಎಂಬ ಮಾತು ಇಲ್ಲಿ ಬೇಡ. ಮಾಘ, ಫಾಲ್ಗುಣಗಳಲ್ಲಿ ದುಡಿದ ಕೂಲಿ ಅವರ ಕೈಸೇರಿದ್ದು ಮಳೆ ಹಿಡಿದ ಮೇಲೆ. “ಜಮೀನು ತೆಗೆದುಕೊಂಡು ಕಾಡು ಮಾಡುವುದಕ್ಕೆ ಹಣವಿತ್ತಲ್ಲ ಮೇಷ್ಟ್ರೇ, ಕಾಯುವವರಿಗೆ ಕೊಡುವುದಕ್ಕೆ ಯಾಕಿಲ್ಲ?” ಎಂದನು. ಅಂದಿನ ಪಾಠ ಶಾಸನಗಳನ್ನು ಕುರಿತದ್ದು. ಪಾಠಕ್ಕೂ ಪ್ರಶ್ನೆಗೂ ಸಂಬಂಧವಿಲ್ಲವೆಂದು ಗದರಿ ಕೂರಿಸಿದೆನಾದರೂ, ಮನೆಗೆ ಬಂದು ಯೋಚಿಸಿದಾಗ ಸಂಬಂಧ ಬಹಳವೇ ಇದೆಯೆಂದು ತೋರಿತು.

ನಮ್ಮ ಶಾಸನಗಳ ಕೊನೆಯ ಭಾಗವನ್ನು ವಾಚಕರು ಗಮನಿಸಿರಬಹುದು. ಪರರು ಬಿಟ್ಟ ಭೂಮಿಯನ್ನು ಅಪಹರಿಸಿದವನಿಗೆ ಶಾಪ ಹಾಕುವ ಶ್ಲೋಕ ಎಲ್ಲರಿಗೂ ಗೊತ್ತು. ಅದರ ಜೊತೆಯಲ್ಲಿಯೇ ಇನ್ನೊಂದು ಶ್ಲೋಕ ಬರುವುದುಂಟು. ದಾನ, ಪಾಲನ ಇವೆರಡರಲ್ಲಿ ಪಾಲನವೇ ಮೇಲು; ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಎಂದೂ ಜಾರದ ಪದವಿ ಎಂಬುದು ಅದರ ತಾತ್ಪರ್ಯ.

ಇದು ಬರಿಯ ಅಲಂಕಾರದ ಮಾತಾಗಿರಲಿಲ್ಲ. 1346ರಲ್ಲಿ ವಿಜಯನಗರದ ಹರಿಹರನೂ ಅವನ ಸೋದರರೂ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ಭೂಮಿಯನ್ನು ಬಿಟ್ಟರು. ಒಂದು ಸ್ಥಾನ ನಿಲ್ಲಬೇಕಾದರೆ ವರ್ಷವರ್ಷವೂ ಹುಟ್ಟುವಳಿ ಬೇಕೆಂಬುದು ಅವರಿಗೆ ತಿಳಿದಿತ್ತು. ಕೆರೆಗಳ ವಿಷಯದಲ್ಲಿ ಈ ವಿವೇಕ ಇನ್ನೂ ಸ್ಪಷ್ಟ. ಬಿತ್ತುವಟ್ಟ, ದಶವಂದ, ಕಟ್ಟುಗೊಡಗೆ ಎಂಬ ಮಾತುಗಳು ಶಾಸನಗಳಲ್ಲಿ ಮತ್ತೆಮತ್ತೆ ಬರುತ್ತವೆ. ಇವುಗಳ ಅರ್ಥದ ಅಂಚಿನಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿರಬಹುದು. ತಿರುಳು ಮಾತ್ರ ಒಂದೇ. ಕೆರೆಯನ್ನು ಕಟ್ಟಿದವನಿಗೆ, ಕಟ್ಟಿದ್ದನ್ನು ನೋಡಿಕೊಳ್ಳುವವನಿಗೆ, ಆ ಕೆರೆಯ ನೀರಿನಿಂದಲೇ ಬೆಳೆಯುವ ಭೂಮಿಯನ್ನೋ ಅದರ ಬೆಳೆಯಲ್ಲೊಂದು ಪಾಲನ್ನೋ ಬಿಡುವುದು. ಹೂಳು ಸಾಗಿಸುವ ಬಂಡಿಗೂ ಅದನ್ನೆಳೆಯುವ ಕೋಣಗಳಿಗೂ ಬೇರೆಯಾಗಿ ಭೂಮಿ ಬಿಟ್ಟದ್ದುಂಟು. (ಭಂಡಿಗಡಿಯ ಹೆಸರಿನಲ್ಲಿಯೂ ಬಂಡಿಯೇ ಕೇಳಿಸುತ್ತದೆ. ಆದರೆ ಊರ ಹೆಸರುಗಳ ವ್ಯುತ್ಪತ್ತಿ ಹೇಳಹೋಗಿ ನಗೆಪಾಟಲಾದ ಪಂಡಿತರನ್ನು ಕಂಡಿರುವುದರಿಂದ ನಾನು ಅಲ್ಲಿಗೇ ನಿಲ್ಲಿಸುತ್ತೇನೆ.) ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟಗಳೂ ಇದೇ ಜಾತಿಯವು. ಅಡಕೆ ತೋಟಕ್ಕೆ ಸೊಪ್ಪು ಬೇಕಾದವನೇ ಬೆಟ್ಟವನ್ನು ಕಾಯಬೇಕು. ಕಾಯದಿದ್ದರೆ ಅವನ ತೋಟವೇ ಸೊರಗುತ್ತದೆ.

ಈಗ ಭದ್ರೆಯ ಕಾಡಿಗೆ ಬರೋಣ. ಮೈಸೂರು ಸರ್ಕಾರವು 1951ರಲ್ಲಿ ಜಾಗರ ಕಣಿವೆಯನ್ನು ವನ್ಯಮೃಗಗಳಿಗೆ ಆಶ್ರಯಸ್ಥಾನವೆಂದು ಸಾರಿತು. 1974ರಲ್ಲಿ ಲಕ್ಕವಳ್ಳಿಯ ಕಾಡುಗಳೂ ಸೇರಿ ಸುಮಾರು 492 ಚದರ ಕಿಲೋಮೀಟರುಗಳ ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಒಳಗೆ ಹಳ್ಳಿಗಳಿದ್ದುವು. 2001-02ರಲ್ಲಿ 400ಕ್ಕೂ ಹೆಚ್ಚು ಕುಟುಂಬಗಳು ತಮ್ಮ ಮನೆ, ಗದ್ದೆಗಳನ್ನು ಬಿಟ್ಟು ಲಕ್ಕವಳ್ಳಿಗೆ ಸಮೀಪದ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಹೋದುವು. ಬದಲಿಗೆ ಜಮೀನು, ಮನೆ ಕಟ್ಟಲು ನೆರವು ದೊರೆತುವು. ಇಂತಹ ಸ್ಥಳಾಂತರಗಳಲ್ಲಿ ಇದು ಚೆನ್ನಾಗಿ ನಡೆದದ್ದೆಂದು ಹೆಸರಾಗಿದೆ. ಆದರೂ ಊರು ಬಿಡುವುದೆಂದರೆ ಸಣ್ಣ ಮಾತಲ್ಲ. ಇದೇ ನದಿಯ ಅಣೆಕಟ್ಟಿಗಾಗಿ ನರಸಿಂಹರಾಜಪುರದ ಕಡೆಯವರು ಅದಕ್ಕೂ ಹಿಂದೆಯೇ ಗದ್ದೆ ಮುಳುಗಿಸಿಕೊಂಡಿದ್ದರು.

ಜಮೀನು ಪಡೆಯುವ ವೆಚ್ಚ ಒಂದು ಸಲದ್ದು. ಕಾಯುವ ವೆಚ್ಚಕ್ಕೆ ಕೊನೆಯೆಂಬುದಿಲ್ಲ. ಜನ ಬಿಟ್ಟುಹೋದ ಗದ್ದೆಬಯಲಿನಲ್ಲಿ ಹುಲ್ಲು ಬೆಳೆದರೆ ಜಿಂಕೆ ಮೇಯುತ್ತದೆ. ಲಂಟಾನ ನುಗ್ಗಿದರೆ ಯಾವುದೂ ಮೇಯಲಾರದು. ವರ್ಷಕ್ಕೊಮ್ಮೆ ಬೆಂಕಿ ರೇಖೆ ಸವರಬೇಕು, ಕಳ್ಳಬೇಟೆ ತಡೆಯುವ ಶಿಬಿರಕ್ಕೆ ಅಕ್ಕಿ ಬೇಳೆ ಮುಟ್ಟಿಸಬೇಕು.

ಹುಲಿ ಯೋಜನೆಯಲ್ಲಿ ಕೇಂದ್ರವೂ ರಾಜ್ಯವೂ ವೆಚ್ಚವನ್ನು ಹಂಚಿಕೊಳ್ಳುತ್ತವೆ. ಬಹುಕಾಲ ನಿತ್ಯದ ವೆಚ್ಚದಲ್ಲಿ ಅರ್ಧರ್ಧ ಪಾಲಿತ್ತು. ಹಂಚಿಕೆ ನ್ಯಾಯವೇ ಇರಬಹುದು. ಆದರೆ ಬೆಂಕಿಯ ಕಾಲ ಫೆಬ್ರವರಿಯಿಂದ ಏಪ್ರಿಲಿನವರೆಗೆ. ಸರ್ಕಾರದ ಲೆಕ್ಕದ ವರ್ಷ ಮುಗಿಯುವುದು ಅದರ ನಡುವೆ, ಮಾರ್ಚಿ 31ಕ್ಕೆ. ಕಾಡಿನ ಪಂಚಾಂಗ ಬೇರೆ, ಖಜಾನೆಯ ಪಂಚಾಂಗ ಬೇರೆ.

ಹಣವೇ ಇಲ್ಲವೆಂದೂ ಅಲ್ಲ. ಗಣಿ, ರಸ್ತೆ, ಅಣೆಕಟ್ಟುಗಳಿಗೆ ಕಾಡು ತೆಗೆದುಕೊಂಡವರು ಪರಿಹಾರ ತೆರಬೇಕೆಂದೂ, ಆ ಹಣಕ್ಕೆ ಪ್ರತ್ಯೇಕ ನಿಧಿ ಇರಬೇಕೆಂದೂ ಸುಪ್ರೀಂ ಕೋರ್ಟು 2002ರಲ್ಲಿ ಆದೇಶ ಮಾಡಿತು. ಹಣ ಸೇರುತ್ತ ಹೋಯಿತು. ಅದಕ್ಕೆ ಕಾಯಿದೆಯಾದದ್ದು 2016ರಲ್ಲಿ. ರಾಜ್ಯಗಳಿಗೆ 47,000 ಕೋಟಿ ರೂಪಾಯಿಗೂ ಮೀರಿದ ದೊಡ್ಡ ಗಂಟು ಬಂದದ್ದು 2019ರಲ್ಲಿ. ಕಣಜ ತುಂಬಿಯೂ ಒಲೆ ಹತ್ತದ ಮನೆಯಂತಾಯಿತು.

ಬಿತ್ತುವಟ್ಟಕ್ಕೆ ಹತ್ತಿರವಾದ ಏರ್ಪಾಡು ಬಂದದ್ದು 2006ರ ತಿದ್ದುಪಡಿಯಿಂದ. ಪ್ರತಿಯೊಂದು ಹುಲಿ ಸಂರಕ್ಷಿತ ಪ್ರದೇಶಕ್ಕೂ ಒಂದು ಪ್ರತಿಷ್ಠಾನವಿರಬೇಕು, ನೋಡಲು ಬರುವವರು ಕೊಡುವ ಶುಲ್ಕ ಖಜಾನೆಗೆ ಹೋಗದೆ ಅಲ್ಲಿಯೇ ಉಳಿಯಬೇಕು ಎಂಬ ವ್ಯವಸ್ಥೆ ಅದು. ಕೆರೆಯ ನೀರಿನ ಬೆಳೆ ಕೆರೆಗೇ ಎಂಬ ಹಳೆಯ ನ್ಯಾಯ. ನನಗೆ ಇದು ಮೆಚ್ಚಿಗೆ. ಒಂದು ಅಳುಕೂ ಉಂಟು. ಜೀಪು ಹೋಗುವ ದಾರಿಯ ಕಾಡು ಹಣ ತರುತ್ತದೆ. ಯಾರೂ ನೋಡಹೋಗದ ಕಣಿವೆ ಏನನ್ನೂ ತಾರದು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದಾಗಿ ದೇಶದ ಹುಲಿಕಾಡುಗಳ ಬಾಗಿಲು ಮುಚ್ಚಿದಾಗ ಶುಲ್ಕ ನಿಂತಿತು. ಬೆಂಕಿ ಕಾಯುವ ಕೆಲಸ ನಿಲ್ಲುವಂತಿರಲಿಲ್ಲ.

ಮರುದಿನ ಹುಡುಗನನ್ನು ಕರೆದು ಇದನ್ನೆಲ್ಲ ಹೇಳಿದೆನು. ಗಮನವಿಟ್ಟು ಕೇಳಿದನು. “ಅಪ್ಪನಿಗೆ ಈ ವರ್ಷವೂ ಹೇಳಿಕಳಿಸಿದ್ದರು” ಎಂದನು. “ಹೋಗುತ್ತಾರೆಯೆ?” ಎಂದೆ. ಸಂಕ್ರಾಂತಿ ಕಳೆದೊಡನೆಯೇ ಹೋದರಂತೆ.